ವಿರುಪಾಕ್ಷಪ್ಪನ ಬಂಗಾರದ ಕಾಸು

ನೆಲದೊಳಗೆ ಏನಿದೆ ಎಂದು ಹುಡುಕುವ ಹುಚ್ಚು ವಿರುಪಾಕ್ಷಪ್ಪನಿಗೆ ಯಾವ ಗಳಿಗೆಯಲ್ಲಿ ಹಿಡಿಯಿತೋ, ಅದು ಒಳ್ಳೆಯ ಗಳಿಗೆಯಂತೂ ಅಲ್ಲ ಎಂಬುದರಲ್ಲಿ ಅವನ ಹೆಂಡತಿ ಶೈಲಜಾಳಿಗೆ ಸಂಶಯವಿರಲಿಲ್ಲ. ವಾರವಿಡೀ ಸಾಂಟಾ ಕ್ಲಾರಾದ ಚಿಪ್ ಕಂಪನಿಯಲ್ಲಿ ಕೂತು ಕಣ್ಣಿಗೆ ಕಾಣದ ತಂತಿಗಳ ನಕ್ಷೆ ಬರೆಯುವ ಮನುಷ್ಯ, ಶನಿವಾರ ಬಂತೆಂದರೆ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ತುದಿಯಲ್ಲಿ ತಟ್ಟೆಯಿರುವ ಉದ್ದ ಕೋಲೊಂದನ್ನು ನೆಲದ ಮೇಲೆ ಅತ್ತಿತ್ತ ಆಡಿಸುತ್ತ ಊರೂರು ಅಲೆಯುತ್ತಿದ್ದ. ಮಣ್ಣಿನಡಿ ಲೋಹವಿದ್ದರೆ ಯಂತ್ರ ಕುಂಯ್ ಎನ್ನುತ್ತಿತ್ತು. ಕುಂಯ್ ಎಂದಲ್ಲಿ ಇವನು ಮಂಡಿಯೂರಿ ಅಗೆಯುತ್ತಿದ್ದ. ಪ್ಯಾಂಟಿನ ಮಂಡಿ ಮಣ್ಣಾಗುತ್ತಿತ್ತು. ಅದನ್ನು ಒಗೆಯುವವಳು ಶೈಲಜಾ.

ಎರಡು ವರ್ಷ ಹೀಗೆ ಅಗೆದು ಸಿಕ್ಕ ಸಂಪತ್ತೆಲ್ಲ ಗ್ಯಾರೇಜಿನಲ್ಲಿ ಒಂದು ಐಸ್‌ಕ್ರೀಮ್ ಡಬ್ಬಿಯಲ್ಲಿತ್ತು. ಸೋಡಾ ಬಾಟಲಿಯ ಮುಚ್ಚಳಗಳು, ಬಿಯರ್ ಡಬ್ಬಿಯ ಕಿವಿಗಳು, ಚಕ್ರ ಕಳೆದುಕೊಂಡ ಆಟದ ಕಾರು, ಯಾವುದೋ ಮಗುವಿನ ಹಲ್ಲಿಗೆ ಕಟ್ಟಿದ್ದ ತಂತಿ. ಈ ಕೊನೆಯದನ್ನು ಕಂಡ ದಿನದಿಂದ ಶೈಲಜಾ ಆ ಡಬ್ಬಿಯ ಹತ್ತಿರ ಸುಳಿಯುತ್ತಿರಲಿಲ್ಲ.

ಮನೆಯಲ್ಲಾದರೆ ಹೇಗೋ ಸಹಿಸಬಹುದು, ಆಫೀಸಿನಲ್ಲಿ ಜಯರಾಮ್ ಇದ್ದ. ಮೈಸೂರಿನವನು, ಪಕ್ಕದ ಮೇಜಿನವನು, ನಾಲಿಗೆಗೆ ಎಲುಬಿಲ್ಲದವನು. ಸೋಮವಾರ ಮಧ್ಯಾಹ್ನ ಮೊಸರನ್ನದ ಡಬ್ಬಿ ಬಿಚ್ಚುತ್ತಲೇ, "ಏನ್ರೀ ವಿರುಪಾಕ್ಷಪ್ಪ, ಈ ವಾರದ ಮುಚ್ಚಳ ಯಾವ ಸೋಡಾದ್ದು? ಕಿತ್ತಳೆದೋ ನಿಂಬೆದೋ?" ಎಂದು ಶುರು ಮಾಡುತ್ತಿದ್ದ. ಕನ್ನಡ ಕೂಟದ ಊಟಗಳಲ್ಲಂತೂ ಇವನು ಬಾಗಿಲಲ್ಲಿ ಕಾಣಿಸುತ್ತಲೇ "ಬನ್ನಿ ಬನ್ನಿ, ನಮ್ಮ ಮುನಿಸಿಪಾಲಿಟಿ ಬಂತು" ಎಂದು ಕೂಗುತ್ತಿದ್ದ. ಎಲ್ಲರೂ ನಗುತ್ತಿದ್ದರು. ವಿರುಪಾಕ್ಷಪ್ಪನೂ ನಗುತ್ತಿದ್ದ. ಆದರೆ ನಗುವಾಗೆಲ್ಲ ಮನಸ್ಸಿನಲ್ಲಿ ಒಂದೇ ಲೆಕ್ಕ ಹಾಕುತ್ತಿದ್ದ. ಒಂದೇ ಒಂದು ನಿಜವಾದ ಹಳೆಯ ನಾಣ್ಯ ಸಿಗಬೇಕು, ಅದನ್ನು ಜಯರಾಮನ ಮೊಸರನ್ನದ ಪಕ್ಕದಲ್ಲಿ ಇಟ್ಟು, ಒಂದೂ ಮಾತಾಡದೆ ಎದ್ದು ಹೋಗಬೇಕು. ಅವನ ಬದುಕಿನಲ್ಲಿ ಆಗ ಇದ್ದ ದೊಡ್ಡ ಆಸೆ ಇದು.

ಅಷ್ಟು ದೊಡ್ಡದೇ ಆದ ಇನ್ನೊಂದು ಸಂಗತಿ ಶೈಲಜಾಳ ಹೊಟ್ಟೆಯಲ್ಲಿತ್ತು. ಮದುವೆಯಾಗಿ ಏಳು ವರ್ಷದ ಮೇಲೆ ಅವಳು ಬಸುರಾಗಿದ್ದಳು. ಎಂಬತ್ತನಾಲ್ಕರ ಸೆಪ್ಟೆಂಬರಿನಲ್ಲಿ ಬಾಣಂತನಕ್ಕೆಂದು ಗದಗಿನಿಂದ ಅವಳ ತಾಯಿ ಬಂಗಾರೆವ್ವ ಬಂದಿಳಿದಳು. ಜೊತೆಗೆ ಬಂದ ಎರಡು ಪೆಟ್ಟಿಗೆಗಳಲ್ಲಿ ಬಾಣಂತಿ ಉಂಡೆಗೆ ಅಳವಿ ಬೀಜ, ಅಂಟು, ಒಣಕೊಬ್ಬರಿ, ವಿಭೂತಿ ಗಟ್ಟಿ ಮತ್ತು ಒಂದು ಸಣ್ಣ ಸೈನ್ಯಕ್ಕೆ ಆಗುವಷ್ಟು ಖಡಕ್ ರೊಟ್ಟಿ ಇದ್ದವು. ಬಂದ ಮೊದಲ ಶನಿವಾರವೇ ಅಳಿಯ ಕೋಲು ಹಿಡಿದು ಹೊರಟದ್ದನ್ನು ಕಂಡು ಅವಳು ಸೆರಗು ಸರಿಮಾಡಿಕೊಂಡು ಕೇಳಿದಳು:

"ಅಳಿಯಂದ್ರ, ಇಷ್ಟ ಓದಿ ಇದ್ಯಾಕ್ರಿ ಕೋಲ್ ಹಿಡಕೊಂಡು ತಿರಗಾಕತ್ತೀರಿ? ಏನರ ಹರಕಿ ಹೊತ್ತೀರೇನು?"

"ಹರಕಿ ಅಲ್ರಿ ಅತ್ತೆವ್ರ, ಹವ್ಯಾಸ."

"ಹಂಗಾರ ನಾನೂ ಬರತೀನಿ. ಮನ್ಯಾಗ ಕುಂತ ಕುಂತ ಮೊಣಕಾಲ ಹಿಡಿದಾವ."

ಹೀಗೆ ಅತ್ತೆ ಅಳಿಯ ಇಬ್ಬರೂ ಹೊರಡುವ ರೂಢಿಯಾಯಿತು. ಹೋಗುತ್ತಿದ್ದದ್ದು ದೂರಕ್ಕಲ್ಲ. ಕ್ಯುಪರ್ಟಿನೋದಲ್ಲಿ ಅವರ ಅಪಾರ್ಟ್‌ಮೆಂಟಿನ ಹಿಂದೆಯೇ ಒಂದು ಹಳೆಯ ಹಣ್ಣಿನ ತೋಟವಿತ್ತು. ಒಡೆಯ ನಿಕ್ ಎಂಬ ಮುದುಕ. ಅವನ ಅಜ್ಜ ನೆಟ್ಟ ಪ್ರೂನ್ ಮತ್ತು ಅಕ್ರೋಟದ ಮರಗಳು. ಮಗ ಒತ್ತಾಯ ಮಾಡಿ ತೋಟವನ್ನು ಮನೆ ಕಟ್ಟುವವರಿಗೆ ಮಾರಿಸಿದ್ದ. ಬುಲ್ಡೋಜರು ಬಂದು ಮರಗಳನ್ನು ಸಾಲುಸಾಲಾಗಿ ಕೀಳತೊಡಗಿತ್ತು. ವಿರುಪಾಕ್ಷಪ್ಪ ಹೋಗಿ ಹುಡುಕಲು ಅನುಮತಿ ಕೇಳಿದಾಗ ನಿಕ್, "ಸಿಕ್ಕಿದ್ದೆಲ್ಲ ನಿನ್ನದೇ. ನನ್ನ ಅಜ್ಜಿಯ ಮದುವೆಯ ಉಂಗುರ ಸಿಕ್ಕರೆ ಮಾತ್ರ ನನಗೆ ಕೊಡು" ಎಂದು ಕೈಕುಲುಕಿದ್ದ. ಅಳಿಯ ಕುಂಯ್ ಎನ್ನುವುದನ್ನು ಹುಡುಕುತ್ತಿದ್ದರೆ ಅತ್ತೆ ಉದುರಿದ ಅಕ್ರೋಟ ಹುಡುಕಿ ಉಡಿ ತುಂಬಿಕೊಳ್ಳುತ್ತಿದ್ದಳು. ಸಂಜೆ ಲೆಕ್ಕ ಹಾಕಿದರೆ ಪ್ರತಿ ಸಲವೂ ಅವಳದೇ ಗಳಿಕೆ ಹೆಚ್ಚು.

ಅಕ್ಟೋಬರಿನ ಒಂದು ಬೆಳಿಗ್ಗೆ, ಹಿಂದಿನ ದಿನ ಕಿತ್ತು ಬೀಳಿಸಿದ್ದ ಒಂದು ಭಾರಿ ಅಕ್ರೋಟದ ಮರದ ಗುಂಡಿಯಲ್ಲಿ ಅವನು ಯಂತ್ರ ಆಡಿಸುತ್ತಿದ್ದ. ಕಿವಿಯಲ್ಲಿ ಬಂದ ಸದ್ದು ಮುಚ್ಚಳದ ಕೀರಲು ಸದ್ದಲ್ಲ. ತುಂಬಿದ ಕೊಡವನ್ನು ಬೆರಳಿನಿಂದ ಬಡಿದ ಹಾಗೆ ದುಂಡಗೆ, ಮೆತ್ತಗೆ ಇತ್ತು. ಮಂಡಿಯೂರಿ ಅಗೆದ. ಬೇರುಗಳ ನಡುವೆ ಏನೋ ಹಳದಿ ಮಿಂಚಿತು. ಮಣ್ಣು ಊದಿದ. ಒಂದು ಹೆಣ್ಣಿನ ಮುಖ. ತಿರುವಿದರೆ ರೆಕ್ಕೆ ಬಿಚ್ಚಿದ ಹದ್ದು. ಇಸವಿ ನೂರಮೂವತ್ತು ವರ್ಷ ಹಿಂದಿನದು.

"ಅತ್ತೆವ್ರ! ಸಿಕ್ತು! ಸಿಕ್ತ್ರೀ!"

ಬಂಗಾರೆವ್ವ ಉಡಿಯ ಅಕ್ರೋಟವನ್ನೆಲ್ಲ ಚೆಲ್ಲಿ ಓಡಿ ಬಂದಳು. ಕಾಸನ್ನು ಇಸಿದುಕೊಂಡು ಅಂಗೈ ಮೇಲಿಟ್ಟು ಎರಡು ಸಲ ತೂಗಿ ನೋಡಿದಳು. "ಯವ್ವಾ ಶಿವನ! ಅಪರಂಜಿ ಬಂಗಾರರೀ ಇದು!" ಎನ್ನುವಾಗ ಅವಳ ಮುಖವೆಲ್ಲ ಅರಳಿತು. ಅಳಿಯನನ್ನು ಅವಳು ಇಷ್ಟು ಮೆಚ್ಚುಗೆಯಿಂದ ನೋಡಿದ್ದು ಅದೇ ಮೊದಲು.

ಆ ಮೆಚ್ಚುಗೆ ಉಳಿದದ್ದು ಮಾತ್ರ ಬಹಳ ಹೊತ್ತಲ್ಲ. ಮರದ ಬುಡದ ಪೊಟರೆಯಿಂದ, ತನ್ನ ಮನೆ ಹಾಳಾದ ಬೇಜಾರಿನಲ್ಲಿದ್ದ ಒಂದು ಹಾವು ನಿಧಾನವಾಗಿ ಹೊರಗೆ ಬಂತು. ಮಾರುದ್ದದ ಹಾವು, ಮೈಮೇಲೆಲ್ಲ ಕಂದು ಪಟ್ಟೆ. ಇಬ್ಬರನ್ನೂ ಒಮ್ಮೆ ನೋಡಿ, ನಾಲಿಗೆ ಚಾಚಿ, ಗುಂಡಿಯ ಅಂಚಿನಲ್ಲಿ ಸುರುಳಿ ಸುತ್ತಿಕೊಂಡು ಕೂತಿತು. ಬಂಗಾರೆವ್ವ ಕೈಯಲ್ಲಿದ್ದ ಕಾಸನ್ನು ಕೆಂಡ ಬಿಟ್ಟಂತೆ ಬಿಟ್ಟು ಕೈ ಮುಗಿದು ನಿಂತಳು.

"ಇದು ನಿಧಿರೀ. ಕಾವಲ ಸರ್ಪ ಬಂದೈತಿ ನೋಡ್ರಿ. ಇಟ್ಟ ಬಿಡ್ರಿ ಅಲ್ಲೇ!"

"ಅತ್ತೆವ್ರ, ಅದು ಇಲಿ ತಿನ್ನೋ ಹಾವ್ರಿ. ನಿಕ್ ಹೇಳ್ಯಾನ, ಅದಕ್ಕ ವಿಷಾನ ಇಲ್ಲ."

"ವಿಷ ಇಲ್ಲದಿದ್ರ ಕಾವಲಕ್ಕ ಕುಂದರಬಾರದೇನು? ನಿಮ್ಮ ಆಫೀಸಿನ ವಾಚಮನ್ ಕೈಯಾಗ ಬಂದೂಕ ಐತೇನು?"

ವಿರುಪಾಕ್ಷಪ್ಪ ಹಾವಿನ ಮೇಲೆ ಒಂದು ಕಣ್ಣಿಟ್ಟು ಬಗ್ಗಿದ. ಕಾಸನ್ನು ಎತ್ತಿ ಕಿಸೆಗೆ ಹಾಕಿಕೊಂಡ. ಬಂಗಾರೆವ್ವ ದಾರಿಯುದ್ದಕ್ಕೂ ಹೇಳುತ್ತಲೇ ಬಂದಳು: ತನ್ನ ತವರೂರಿನಲ್ಲಿ ಒಬ್ಬನಿಗೆ ಪಾಯ ತೋಡುವಾಗ ತಂಬಿಗೆ ತುಂಬ ಹೊನ್ನು ಸಿಕ್ಕಿತ್ತು. ಮುಚ್ಚಿಟ್ಟುಕೊಂಡ. ವಾರದೊಳಗೆ ಎತ್ತು ಸತ್ತಿತು, ತಿಂಗಳೊಳಗೆ ಅವನೇ ಹಾಸಿಗೆ ಹಿಡಿದ. "ನಿಧಿ ಸುಮ್ಮನ ಬರಂಗಿಲ್ರಿ, ಒಂದ ಜೀವಾ ಕೇಳತೈತಿ. ಹೊಟ್ಟಿಯಾಗ ಕೂಸ ಇರೋ ಮನಿಗೆ ಇದನ್ನ ತರತೀರೇನು?" ಮನೆ ಮುಟ್ಟಿದವಳೇ ಮಗಳ ಮುಂದೆ ನಿಂತು ತೀರ್ಪು ಕೊಟ್ಟಳು. ಆ ಕಾಸು ಮಣ್ಣಿಗೆ ಹೋಗುವ ತನಕ ತನ್ನ ಬಾಯಿಗೆ ಅನ್ನವಿಲ್ಲ.

ಅಳಿಯ ನಕ್ಕ. ಹಸಿವಾದರೆ ತಾನಾಗಿಯೇ ಉಣ್ಣುತ್ತಾಳೆ ಎಂದುಕೊಂಡು ಕಾಸನ್ನು ಹತ್ತಿಯಲ್ಲಿ ಸುತ್ತಿ ಸಾನ್ ಹೋಸೆಯ ಒಬ್ಬ ನಾಣ್ಯದ ವ್ಯಾಪಾರಿಯ ಬಳಿಗೆ ಓಡಿದ. ವ್ಯಾಪಾರಿ ಮೊದಲು ಅಸಡ್ಡೆಯಿಂದ ನೋಡಿದ. ಆಮೇಲೆ ಕನ್ನಡಕ ಬದಲಾಯಿಸಿದ. ಆಮೇಲೆ ಎದ್ದು ಹೋಗಿ ಅಂಗಡಿಯ ಬಾಗಿಲು ಹಾಕಿ ಬಂದ. ಹದ್ದಿನ ಕೆಳಗಿದ್ದ ಸಣ್ಣ 'ಎಸ್' ಅಕ್ಷರ ತೋರಿಸಿ, ಇದು ಸಾನ್ ಫ್ರಾನ್ಸಿಸ್ಕೋದ ಟಂಕಸಾಲೆಯ ಗುರುತು, ಇಂಥ ಕಾಸನ್ನು ತಾನು ಪುಸ್ತಕದಲ್ಲಿ ಬಿಟ್ಟು ಬೇರೆಲ್ಲೂ ನೋಡಿಲ್ಲ ಎಂದ. ಉಜ್ಜಬೇಡ, ತೊಳೆಯಬೇಡ, ಯಾರ ಕೈಗೂ ಕೊಡಬೇಡ. ನವೆಂಬರಿನಲ್ಲಿ ದೊಡ್ಡ ಪ್ರದರ್ಶನವಿದೆ, ಅಲ್ಲಿಗೆ ತಾ. ಗಾಜಿನ ಪೆಟ್ಟಿಗೆಯಲ್ಲಿ ನಿನ್ನ ಹೆಸರು ಬರೆದು ಇಡುತ್ತೇನೆ. ಇಷ್ಟು ಹೇಳಿ, ಕಾಸಿಗೆಂದೇ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿಯನ್ನೂ ಕೊಟ್ಟ.

ವಿರುಪಾಕ್ಷಪ್ಪ ಫ್ರೀವೇಯಲ್ಲಿ ಹಾಡಿಕೊಂಡು ಬಂದ. ಗಾಜಿನ ಪೆಟ್ಟಿಗೆ, ಅದರ ಮೇಲೆ ತನ್ನ ಹೆಸರು, ಅದರ ಮುಂದೆ ಬಾಯಿ ತೆರೆದು ನಿಂತ ಜಯರಾಮ್. ಈ ಚಿತ್ರ ಕಣ್ಣಿಗೆ ಕಟ್ಟಿ ಅವನು ತನ್ನ ಎಗ್ಸಿಟ್ಟನ್ನೇ ದಾಟಿ ಹೋದ.

ಮನೆಗೆ ಬಂದರೆ ಒಲೆ ತಣ್ಣಗಿತ್ತು. ಬಂಗಾರೆವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಆ ರಾತ್ರಿ ಉಣ್ಣಲಿಲ್ಲ, ಮರುದಿನವೂ ಉಣ್ಣಲಿಲ್ಲ. ಶೈಲಜಾ ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಂದು ಅವನ ಮುಂದೆ ಕೂತಳು.

"ರೀ, ನನಗೇನು ನಿಧಿ, ಸರ್ಪ ಅನ್ನೋದ್ರಾಗ ನಂಬಿಕಿ ಇಲ್ಲ. ಆದ್ರ ಅವ್ವ ಉಪವಾಸ ಬಿದ್ರ ನನ್ನ ಗಂಟಲದಾಗ ನೀರ ಇಳಿಯಂಗಿಲ್ಲ."

"ಶೈಲಾ, ಎರಡು ವರ್ಷ ಎಲ್ಲಾರೂ ನನ್ನ ನೋಡಿ ನಕ್ಕಾರ. ಒಂದ ಸಲ, ಒಂದ ಸಲ ನನಗ ಏನರ ಸಿಕ್ಕೈತಿ."

ಅವನ ದನಿ ಒಡೆದದ್ದು ಕೇಳಿ ಶೈಲಜಾಳ ಕಣ್ಣೂ ತುಂಬಿತು. ಆದರೆ ಎದ್ದು ಹೋಗುವಾಗ ಅವಳು, "ಹಂಗಾರ ನೀವ ಏನರ ದಾರಿ ತಗೀರಿ. ಇಂಜಿನಿಯರ ಅದೀರಲ್ಲ" ಎಂದಳು.

ಇಂಜಿನಿಯರು ದಾರಿ ತೆಗೆದ. ಸೋಮವಾರ ಆಫೀಸಿಗೆ ರಜೆ ಹಾಕಿ ಸಾನ್ ಫ್ರಾನ್ಸಿಸ್ಕೋದ ಬಂದರುಕಟ್ಟೆಗೆ ಹೋದ. ಅಲ್ಲಿ ಪ್ರವಾಸಿಗಳಿಗೆ ಮಾರುವ ಗೊಂಬೆ, ಟೋಪಿಗಳ ನಡುವೆ ಅದೇ ಅಳತೆಯ, ಹೆಣ್ಣಿನ ಮುಖವೂ ಹದ್ದೂ ಇರುವ ಹಿತ್ತಾಳೆಯ ನಾಣ್ಯವೊಂದು ಸಿಕ್ಕಿತು. ಅದನ್ನು ಕಾರಿನ ಪಕ್ಕದಲ್ಲೇ ಕೂತು ಮಣ್ಣಿನಲ್ಲಿ ಚೆನ್ನಾಗಿ ಉಜ್ಜಿದ. ಮನೆಗೆ ಬಂದು ಸೋತವನ ಮುಖ ಮಾಡಿ, "ಅತ್ತೆವ್ರ, ನೀವು ಹೇಳಿದಂಗ ಆಗ್ಲಿ. ಹೂಳಿ ಬಿಡೋಣು" ಎಂದ.

ಬಂಗಾರೆವ್ವ ತಕ್ಷಣ ಎದ್ದು ಕೂತಳು. ನಿಂಬೆಹಣ್ಣು, ಕುಂಕುಮ, ವಿಭೂತಿ, ಊದಿನಕಡ್ಡಿ, ತೆಂಗಿನಕಾಯಿ ಎಲ್ಲ ಸಿದ್ಧವಾದವು. ವೀಳ್ಯದೆಲೆ ಕ್ಯುಪರ್ಟಿನೋದಲ್ಲಿ ಎಲ್ಲಿಯದು? ನಿಕ್‌ನ ಬೇಲಿಯ ಮೇಲಿದ್ದ ದ್ರಾಕ್ಷಿಯ ಎಲೆಯೇ ವೀಳ್ಯದೆಲೆಯಾಯಿತು. ಗುಂಡಿಯ ಮುಂದೆ ಕೂತು ಅವಳು ಕೈ ಚಾಚಿದಳು. ವಿರುಪಾಕ್ಷಪ್ಪ ಹಿತ್ತಾಳೆಯನ್ನು ಅವಳ ಅಂಗೈಯಲ್ಲಿಟ್ಟ. ಅವಳು ಅದನ್ನು ಒಮ್ಮೆ ತೂಗಿ ನೋಡಿದಳು. ಅಳಿಯನ ಮುಖ ನೋಡಿದಳು. ಅವನು ಆಕಾಶ ನೋಡಿದ. ಆಮೇಲೆ ಅವಳು ಅದನ್ನು ಎಲೆಯಲ್ಲಿ ಸುತ್ತಿ, ಗುಂಡಿಯಲ್ಲಿಟ್ಟು, ನಿಂಬೆಹಣ್ಣು ಹಿಂಡಿ, ಕುಂಕುಮ ಚೆಲ್ಲಿ, ತೆಂಗಿನಕಾಯಿಯನ್ನು ಬುಲ್ಡೋಜರಿನ ಹಲ್ಲಿಗೆ ಫಟ್ ಎಂದು ಒಡೆದಳು.

ಸದ್ದಿಗೆ ನಿಕ್ ಬಂದ. ಕೆಂಪು ಪುಡಿ, ಹೊಗೆ, ಒಡೆದ ಕಾಯಿ, ನೆಲಕ್ಕೆ ಹಣೆ ಹಚ್ಚಿದ ಮುದುಕಿ ಎಲ್ಲವನ್ನೂ ನೋಡಿ, ಇಲ್ಲಿ ಏನು ನಡೆದಿದೆ ಎಂದು ಕೇಳಿದ. ಕಾಸಿನ ಸುದ್ದಿ ಹೇಳಿದರೆ ಅಗೆದು ಹಿತ್ತಾಳೆ ನೋಡುತ್ತಾನೆ, ಸರ್ಪದ ಸುದ್ದಿ ಹೇಳಿದರೆ ಅವನು ನಗುತ್ತಾನೆ. ವಿರುಪಾಕ್ಷಪ್ಪನ ಬಾಯಿಗೆ ಬಂದದ್ದು, "ನಿಮ್ಮ ಮರಗಳಿಗೆ ಕೊನೆಯ ಪೂಜೆ ಮಾಡುತ್ತಿದ್ದಾರೆ. ನಮ್ಮಲ್ಲಿ ಹೀಗೆ."

ನಿಕ್ ನಿಧಾನವಾಗಿ ಟೋಪಿ ತೆಗೆದ. ಅವನ ಗಲ್ಲದ ಮೇಲೆ ನೀರಿಳಿಯಿತು. "ನನ್ನ ಸ್ವಂತ ಮಗ ಈ ಮರಗಳ ಬಗ್ಗೆ ಒಂದು ಒಳ್ಳೆಯ ಮಾತಾಡಲಿಲ್ಲ" ಎಂದು ಬಂಗಾರೆವ್ವನ ಎರಡೂ ಕೈ ಹಿಡಿದುಕೊಂಡ. ಅವಳಿಗೆ ಭಾಷೆ ತಿಳಿಯಲಿಲ್ಲ, ಅಳು ತಿಳಿಯಿತು. "ಅಳಬ್ಯಾಡಪ್ಪಾ, ಎಲ್ಲಾ ಶಿವಾ ನೋಡ್ಕೋತಾನ" ಎಂದು ಅವನ ಹಣೆಗೂ ವಿಭೂತಿ ಹಚ್ಚಿದಳು. ನಿಕ್ ಒಂದು ಚೀಲ ಅಕ್ರೋಟ ತಂದು ಅವರ ಮನೆ ಬಾಗಿಲಲ್ಲಿಟ್ಟ. ವಿರುಪಾಕ್ಷಪ್ಪನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಒಂದು ಸುಳ್ಳು ಹೇಳಲು ಹೋಗಿ ಅವನು ಎರಡರಲ್ಲಿ ಸಿಕ್ಕಿಬಿದ್ದಿದ್ದ.

ಆ ದಿನ ಮನೆಯಲ್ಲಿ ಹೋಳಿಗೆಯಾಯಿತು. ಬಂಗಾರೆವ್ವ ಉಂಡ ರೀತಿ ನೋಡಿದರೆ ಉಪವಾಸದ ಬಾಕಿಯೆಲ್ಲ ಒಂದೇ ಹೊತ್ತಿಗೆ ತೀರಿತು. ನಿಜವಾದ ಕಾಸು ವಿರುಪಾಕ್ಷಪ್ಪನ ಜಾಕೆಟ್ಟಿನ ಒಳಕಿಸೆ ಸೇರಿತು. ಮನೆಯಲ್ಲಿ ಇಡುವಂತಿರಲಿಲ್ಲ, ಅತ್ತೆ ದಿನಕ್ಕೊಂದು ಕಪಾಟು ಖಾಲಿ ಮಾಡಿ ಒರೆಸುತ್ತಿದ್ದಳು. ಆಫೀಸಿಗೆ ಹೋದರೂ ಗ್ರೋಸರಿಗೆ ಹೋದರೂ ಕಾಸು ಅವನ ಎದೆಯ ಮೇಲೆಯೇ ಇರುತ್ತಿತ್ತು. ಜಯರಾಮ್ ಮುಚ್ಚಳದ ಮಾತು ತೆಗೆದಾಗ ಕಿಸೆಯನ್ನು ಮೆಲ್ಲಗೆ ಮುಟ್ಟಿಕೊಂಡು, "ನವೆಂಬರ್‌ದಾಗ ಒಂದು ಪ್ರದರ್ಶನ ಐತ್ರಿ. ಅಲ್ಲಿಗೆ ಬರ್ರಿ, ಗೊತ್ತಾಗತೈತಿ" ಎಂದಷ್ಟೇ ಹೇಳಿದ.

ಪ್ರದರ್ಶನಕ್ಕೆ ಎರಡು ವಾರವಿರುವಾಗ ಒಂದು ಬೆಳಿಗ್ಗೆ ಶೈಲಜಾಳಿಗೆ ನೋವು ಬಂತು. ಮೂವರೂ ಆಸ್ಪತ್ರೆಗೆ ಹೋದರು. ಮಧ್ಯಾಹ್ನದ ತನಕ ಎಲ್ಲ ಸರಿಯಿತ್ತು. ಆಮೇಲೆ ನರ್ಸುಗಳ ನಡಿಗೆ ಚುರುಕಾಯಿತು. ಡಾಕ್ಟರು ಬಂದು, ಮಗುವಿನ ಎದೆಬಡಿತ ಇಳಿಯುತ್ತಿದೆ, ಕೂಡಲೇ ಆಪರೇಷನ್ ಮಾಡಬೇಕು ಎಂದರು. ಗಾಲಿಯ ಮಂಚ ಶೈಲಜಾಳನ್ನು ಹೊತ್ತು ಬಾಗಿಲ ಆಚೆ ಹೋಯಿತು. ಅವನನ್ನು ಈಚೆ ನಿಲ್ಲಿಸಿದರು.

ಬೆಂಚಿನ ಮೇಲೆ ಬಂಗಾರೆವ್ವ ಕಣ್ಣು ಮುಚ್ಚಿ ಶಿವನ ಹೆಸರು ಹೇಳುತ್ತಿದ್ದಳು. ವಿರುಪಾಕ್ಷಪ್ಪ ಬಿಸಿಯಾದ ಹಣೆ ಒರೆಸಿಕೊಳ್ಳಲು ಕರವಸ್ತ್ರಕ್ಕೆಂದು ಒಳಕಿಸೆಗೆ ಕೈ ಹಾಕಿದ. ಕೈಗೆ ಸಿಕ್ಕಿದ್ದು ಆ ಪುಟ್ಟ ಡಬ್ಬಿ.

ಒಂದು ಜೀವ ಕೇಳತೈತಿ.

ಅವನು ಓದಿದವನು. ಮಗುವಿನ ಎದೆಬಡಿತಕ್ಕೂ ಹದ್ದಿನ ಚಿತ್ರವಿರುವ ಒಂದು ತುಂಡು ಲೋಹಕ್ಕೂ ಸಂಬಂಧವಿಲ್ಲವೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದರೂ ಕಾಲು ನಿಲ್ಲಲಿಲ್ಲ. ಎಲಿವೇಟರಿಗೂ ಕಾಯದೆ ಮೆಟ್ಟಿಲಿಳಿದ. ತೋಟಕ್ಕೆ ಹೋಗಿ ಬರುವಷ್ಟು ಹೊತ್ತಿಲ್ಲ. ಹೊರಗೆ ನೋಡಿದರೆ ಎಲ್ಲೆಡೆ ಸಿಮೆಂಟು, ಡಾಂಬರು. ಆಸ್ಪತ್ರೆಯ ಮುಂಬಾಗಿಲ ಹಜಾರದಲ್ಲಿ ಸೋಫಾದ ಪಕ್ಕಕ್ಕೆ ದೊಡ್ಡ ಕುಂಡದಲ್ಲಿ ಒಂದು ರಬ್ಬರ್ ಗಿಡವಿತ್ತು. ಮಣ್ಣು ಎಲ್ಲಿದ್ದರೂ ಮಣ್ಣೇ! ಅದರ ಪಕ್ಕದಲ್ಲಿ ಕೂತು, ಪತ್ರಿಕೆಯೊಂದನ್ನು ಮರೆ ಹಿಡಿದು, ಬೆರಳಿನಿಂದ ಗುಂಡಿ ತೋಡಿದ. ಡಬ್ಬಿಯ ಸಮೇತ ಕೊಟ್ಟರೆ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬ ಅನುಮಾನದಿಂದ ಕಾಸನ್ನು ಬಿಡಿಸಿ ಹಾಕಿದ. "ಯಪ್ಪಾ ಸರ್ಪಾ, ತಪ್ಪಾತು. ನಿನ್ನದು ನೀನ ಇಟ್ಕೋ. ನನ್ನವರನ್ನ ನನಗ ಬಿಡು" ಎಂದು ಮನಸಾರೆ ಬೇಡಿಕೊಂಡ. ಗಾಜಿನ ಪೆಟ್ಟಿಗೆಯಾಗಲಿ ಜಯರಾಮನಾಗಲಿ ಆಗ ಅವನ ನೆನಪಿನಲ್ಲಿರಲಿಲ್ಲ.

ಏದುಸಿರು ಬಿಡುತ್ತ ಮೇಲೆ ಹತ್ತಿ ಬಂದರೆ ನರ್ಸು ನಗುತ್ತ ನಿಂತಿದ್ದಳು. ಹೆಣ್ಣು ಮಗು, ತಾಯಿಯೂ ಚೆನ್ನಾಗಿದ್ದಾಳೆ, ನೀನು ಎಲ್ಲಿ ಹೋಗಿದ್ದೆ, ಮಗು ಹುಟ್ಟಿ ಇಷ್ಟು ಹೊತ್ತಾಯಿತಲ್ಲ ಎಂದಳು. ಅಂದರೆ ಅವನು ಮೆಟ್ಟಿಲಿಳಿಯುವ ಹೊತ್ತಿಗೇ ಮಗಳು ಹುಟ್ಟಿಯಾಗಿತ್ತು. ಆದರೂ ಅದನ್ನು ಲೆಕ್ಕ ಹಾಕುವ ಸ್ಥಿತಿಯಲ್ಲಿ ಅವನಿರಲಿಲ್ಲ. ಕಣ್ಣೊರೆಸಿಕೊಂಡು ಕೋಣೆಗೆ ನುಗ್ಗಲು ಹೋದ. ಬಾಗಿಲಲ್ಲಿ ಬಂಗಾರೆವ್ವ ಕೈ ಅಡ್ಡ ಹಿಡಿದು ನಿಂತಿದ್ದಳು.

"ನಿಲ್ರಿ. ಚೊಚ್ಚಲ ಮಗಳ ಮಾರಿ ಬರೇ ಕೈಲೆ ನೋಡತೀರೇನು? ಕೈಯಾಗ ಬಂಗಾರ ಹಿಡಕೊಂಡು ನೋಡಬೇಕು."

ಇದು ಅವರ ಮನೆತನದ ಪದ್ಧತಿ. ಅವನ ಅಪ್ಪ ಅವನನ್ನು ನೋಡಿದ್ದೂ ಹಾಗೆಯೇ. ಅವನು ಬೆರಳು ನೋಡಿಕೊಂಡ. ಉಂಗುರ ಮನೆಯಲ್ಲಿತ್ತು, ಅಗೆಯುವಾಗ ಸವೆಯುತ್ತದೆಂದು ತೆಗೆದಿಟ್ಟು ಎರಡು ವರ್ಷವಾಗಿತ್ತು.

"ಅತ್ತೆವ್ರ, ನಿಮ್ಮ ಕೈಯಾಗಿನ ಬಂಗಾರದ ಬಳಿ ಒಂದ ಕೊಡ್ರಿ."

"ನಂದಲ್ಲರೀ, ಕೂಸಿನ ಅಪ್ಪಂದ ಆಗಬೇಕು. ನಿಮ್ಮ ಕಾಸು ತಗೀರಲ್ಲ."

"ಕಾಸು ಅವತ್ತ ಹೂಳಿದ್ವಲ್ರಿ!"

"ಹೂಳಿದ್ದು ಹಿತ್ತಾಳಿ" ಎಂದಳು ಬಂಗಾರೆವ್ವ, ಉಪ್ಪು ಕಡಿಮೆಯಾಗಿದೆ ಎನ್ನುವ ದನಿಯಲ್ಲಿ. "ನನ್ನ ಹೆಸರ ಬಂಗಾರೆವ್ವ. ಅಂಗೈ ಮ್ಯಾಲೆ ಇಟ್ರ ನನಗ ತಿಳಿಯಂಗಿಲ್ಲೇನು?"

"ಗೊತ್ತಿದ್ದೂ ಯಾಕ ಸುಮ್ಮನಿದ್ರಿ?"

"ಏನ್ ಮಾಡಲಿ? ಉಣ್ಣಂಗಿಲ್ಲಂತ ಮಗಳ ಮುಂದ ಹೇಳಿ ಬಿಟ್ಟಿದ್ದೆ. ಹಸಿವಿ ತಡಿಯಾಕ ಆಗಲಿಲ್ಲ. ನೀವ ಒಂದ ದಾರಿ ತೋರಿಸಿದ್ರಿ, ನಾನು ಉಂಡೆ. ಆ ಇಲಿ ತಿನ್ನೋ ಹಾವಿಗೆ ಬಂಗಾರ ಯಾವದು ಹಿತ್ತಾಳಿ ಯಾವದು ಅಂತ ಹೆಂಗ ತಿಳೀತೈತಿ?"

"ಹಂಗಾರ ನಿಧಿ? ಜೀವಾ ಕೇಳತೈತಿ ಅಂದ್ರಲ್ಲ?"

"ಕೂಸು ಹೊಟ್ಟಿಯಾಗ ಇದ್ದಾಗಿನ ಮಾತ ಅದು. ಈಗ ಲಕ್ಷ್ಮಿ ಹುಟ್ಟ್ಯಾಳ, ಆಕಿ ಪಾಲಿಂದ ಆಕಿಗೆ ಬಂದೈತಿ. ತರ್ರಿ, ತರ್ರಿ, ಕೂಸು ಕಾಯಾಕತ್ತೈತಿ."

ಶಾಸ್ತ್ರವನ್ನು ಇಷ್ಟು ಸಲೀಸಾಗಿ ತಿರುಗಿಸಿದವರನ್ನು ವಿರುಪಾಕ್ಷಪ್ಪ ಜನ್ಮದಲ್ಲಿ ಕಂಡಿರಲಿಲ್ಲ. ಮತ್ತೆ ಮೆಟ್ಟಿಲಿಳಿದ. ಹಜಾರಕ್ಕೆ ಬಂದ. ಸೋಫಾ ಇತ್ತು. ಪತ್ರಿಕೆ ಇತ್ತು. ಕುಂಡವಿದ್ದ ಜಾಗದಲ್ಲಿ ಕುಂಡವೂ ಇತ್ತು, ಆದರೆ ಅದರಲ್ಲಿದ್ದದ್ದು ಉದ್ದ ಎಲೆಯ ಬೇರೆ ಯಾವುದೋ ಗಿಡ.

ಸ್ವಾಗತದ ಮೇಜಿನವಳು ಸಮಾಧಾನವಾಗಿ ತಿಳಿಸಿದಳು. ಗಿಡಗಳು ಬಾಡಿಗೆಯವು. ವಾರಕ್ಕೊಮ್ಮೆ ಬಂದು ಹಳೆಯದನ್ನು ಒಯ್ದು ಹೊಸದನ್ನು ಇಡುತ್ತಾರೆ. ಈಗಷ್ಟೇ ಬಂದಿದ್ದರು, ಲಾರಿ ಹಿಂದಿನ ಪಾರ್ಕಿಂಗಿನಲ್ಲಿ ಇನ್ನೂ ಇರಬಹುದು.

ಅವನು ಓಡಿದ. ಲಾರಿಯ ಎಂಜಿನ್ ಶುರುವಾಗಿತ್ತು. ಅದರ ಮುಂದೆ ಎರಡೂ ಕೈ ಎತ್ತಿ ನಿಂತ. ಒಳಗೆ ರಬ್ಬರ್ ಗಿಡಗಳೇ ಒಂದು ಕಾಡಾಗುವಷ್ಟು ಇದ್ದವು, ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ. ಡ್ರೈವರು ಹೆಕ್ಟರ್ ಎಂಬ ದಪ್ಪ ಮೀಸೆಯವನು ಇಳಿದು ಬಂದು ಏನು ಸಮಾಚಾರ ಎಂದ. "ನನ್ನ ಮಗಳು ಹುಟ್ಟಿದ್ದಾಳೆ. ಅವಳ ಮುಖ ನೋಡಬೇಕು. ಬಂಗಾರ ನಿಮ್ಮ ಕುಂಡದಲ್ಲಿದೆ" ಎಂದ ವಿರುಪಾಕ್ಷಪ್ಪ. ಹೇಳಿದ ಮೇಲೆ ಅವನಿಗೇ ಗೊತ್ತಾಯಿತು, ಇಂಥವನನ್ನು ಆಸ್ಪತ್ರೆಯವರು ಬೇರೆ ವಾರ್ಡಿಗೆ ಸೇರಿಸುತ್ತಾರೆ ಎಂದು. ಹೆಕ್ಟರ್ ಮಾತ್ರ ನಗಲಿಲ್ಲ. ತನ್ನ ಅಜ್ಜಿಯೂ ಮಕ್ಕಳು ಹುಟ್ಟಿದಾಗ ಕೈಗೆ ಕೆಂಪು ದಾರ ಕಟ್ಟದೆ ಯಾರಿಗೂ ತೋರಿಸುತ್ತಿರಲಿಲ್ಲ ಎಂದು ಎಂಜಿನ್ ಆರಿಸಿದ.

ವಿರುಪಾಕ್ಷಪ್ಪ ತನ್ನ ಕಾರಿನ ಡಿಕ್ಕಿಯಿಂದ ಯಂತ್ರ ತಂದ. ಇಬ್ಬರೂ ಕುಂಡಗಳನ್ನು ಒಂದೊಂದಾಗಿ ಕೆಳಗಿಳಿಸಿದರು. ಮೊದಲ ಕುಂಯ್‌ಗೆ ಒಂದು ಚಮಚ ಬಂತು. ಎರಡನೆಯದಕ್ಕೆ ಯಾರದೋ ಕೂದಲಿನ ಕ್ಲಿಪ್ಪು. ಮೂರನೆಯದಕ್ಕೆ, ನಂಬುತ್ತೀರೋ ಇಲ್ಲವೋ, ಸೋಡಾ ಬಾಟಲಿಯ ಮುಚ್ಚಳ. ಆಸ್ಪತ್ರೆಯ ಕಾವಲುಗಾರ ಬಂದು ನಿಂತ. ಕಿಟಕಿಗಳಲ್ಲಿ ರೋಗಿಗಳು ಕಾಣಿಸಿಕೊಂಡರು. ಬೆವರಿನಿಂದ ಅಂಗಿ ಬೆನ್ನಿಗೆ ಅಂಟಿತ್ತು, ಮೇಲೆ ಮಗಳು ಇನ್ನೂ ಅಪ್ಪನ ಮುಖ ಕಾಣದೆ ಮಲಗಿದ್ದಳು. ಆಗ ಆ ಸದ್ದು ಬಂತು. ದುಂಡಗೆ, ಮೆತ್ತಗೆ. ಅವನು ಹತ್ತೂ ಬೆರಳು ಮಣ್ಣಿಗೆ ಹಾಕಿದ.

ಕೋಣೆಯಲ್ಲಿ ಬಂಗಾರೆವ್ವ ಕಾಸು ಇಸಿದುಕೊಂಡು ಅಂಗೈ ಮೇಲೆ ತೂಗಿ, "ಹಾಂ, ಇದು" ಎಂದಳು. ಉಜ್ಜಬೇಡ, ತೊಳೆಯಬೇಡ, ಯಾರ ಕೈಗೂ ಕೊಡಬೇಡ ಎಂದಿದ್ದ ವ್ಯಾಪಾರಿಯ ಮಾತು ವಿರುಪಾಕ್ಷಪ್ಪನ ನಾಲಿಗೆಯ ತುದಿಗೆ ಬರುವಷ್ಟರಲ್ಲಿ ಅವಳು ಅದನ್ನು ಸೆರಗಿನಿಂದ ಗಸಗಸ ತಿಕ್ಕಿ, ನಲ್ಲಿಯ ಕೆಳಗೆ ತೊಳೆದು, ಕುಂಕುಮ ಹಚ್ಚಿ ಅವನ ಕೈಗೆ ಕೊಟ್ಟಿದ್ದಳು. ಅವನು ಬಗ್ಗಿ ನೋಡಿದ. ಕೆಂಪಗೆ, ಮುಷ್ಟಿ ಬಿಗಿದು, ಯಾರ ಮೇಲೋ ಸಿಟ್ಟಾದವಳಂತೆ ಮಲಗಿದ್ದಳು. ಕಾಸನ್ನು ಅವಳ ಕೈಗೆ ಮುಟ್ಟಿಸಿದ. ಪುಟ್ಟ ಮುಷ್ಟಿ ಬಿಚ್ಚಿ, ಕಾಸನ್ನು ಬಿಟ್ಟು, ಅವನ ಮಣ್ಣು ಮೆತ್ತಿದ ಬೆರಳನ್ನು ಹಿಡಿದುಕೊಂಡಿತು. ವಿರುಪಾಕ್ಷಪ್ಪ ಅಲ್ಲೇ ನಿಂತು ಗೊಳೋ ಎಂದು ಅತ್ತ.

"ಕೈ ತೊಳಕೊಂಡ ಬರಬಾರದೇನ್ರಿ" ಎಂದಳು ಶೈಲಜಾ, ಮಂಚದ ಮೇಲಿಂದ ಮೆಲ್ಲಗೆ.

ತೊಟ್ಟಿಲಿಗೆ ಹಾಕುವ ಶಾಸ್ತ್ರ ಮತ್ತು ನಾಣ್ಯಗಳ ಪ್ರದರ್ಶನ ಎರಡೂ ಒಂದೇ ಶನಿವಾರ ಬಂದವು. ಬೆಳಿಗ್ಗೆ ವ್ಯಾಪಾರಿಯ ಫೋನು ಬಂತು. ಗಾಜಿನ ಪೆಟ್ಟಿಗೆ ತಯಾರಿದೆ, ನೀನು ಎಲ್ಲಿದ್ದೀಯಾ ಎಂದ. ಕಾಸಿನ ಒಡೆಯರು ಒಪ್ಪುತ್ತಿಲ್ಲ ಎಂದ ವಿರುಪಾಕ್ಷಪ್ಪ. ಒಡೆಯ ನೀನೇ ಅಲ್ಲವೇ? ಅಲ್ಲ, ಈಗ ಬೇರೆಯವರು. ನಾನು ಅವರ ಜೊತೆ ಮಾತಾಡಲೇ? ಬೇಡ, ಈಗಷ್ಟೇ ಹಾಲು ಕುಡಿದು ಮಲಗಿದ್ದಾರೆ.

ಫೋನಿಟ್ಟಾಗ ಅವನಿಗೆ ಹೊಟ್ಟೆ ಉರಿಯಲಿಲ್ಲವೆಂದರೆ ಸುಳ್ಳಾಗುತ್ತದೆ. ಗಾಜಿನ ಪೆಟ್ಟಿಗೆ ಒಮ್ಮೆ ಕಣ್ಣ ಮುಂದೆ ಬಂದು ಹೋಯಿತು. ಅದರಲ್ಲೂ, ಮಧ್ಯಾಹ್ನ ಹೋಳಿಗೆಗೆಂದು ಬಂದ ಜಯರಾಮ್ ಎಲ್ಲರ ಎದುರಿಗೆ, "ಎಲ್ರೀ ನಿಮ್ಮ ನವೆಂಬರು? ಪ್ರದರ್ಶನ ಅಂದ್ರಿ, ನಾಣ್ಯ ಅಂದ್ರಿ. ನಾನು ಆಗ್ಲೇ ಅಂದ್ಕೊಂಡೆ, ಇದೂ ಮುಚ್ಚಳಾನೇ ಅಂತ" ಎಂದು ನಕ್ಕಾಗ. ನಿಕ್ ಕೂಡ ಬಂದಿದ್ದ, ಹಣೆಗೆ ತಾನೇ ಕೇಳಿ ವಿಭೂತಿ ಹಚ್ಚಿಸಿಕೊಂಡು, ಮೂಲೆಯಲ್ಲಿ ಕೂತು ಮೂರನೆಯ ಹೋಳಿಗೆ ತಿನ್ನುತ್ತಿದ್ದ.

ವಿರುಪಾಕ್ಷಪ್ಪ ಎದ್ದ. ಗ್ಯಾರೇಜಿಗೆ ಹೋಗಿ ಯಂತ್ರ ತಂದ. ಎಲ್ಲರಿಗೂ ಕೇಳಲೆಂದು ಇಯರ್‌ಫೋನಿನ ತಂತಿ ಕಿತ್ತ. ಬೆತ್ತದ ತೊಟ್ಟಿಲಲ್ಲಿ ಮಗಳು ಮಲಗಿದ್ದಳು, ಸೊಂಟದಲ್ಲಿ ಅಜ್ಜಿ ಕಟ್ಟಿದ ಉಡದಾರ, ಉಡದಾರಕ್ಕೆ ಹೊಲಿದ ಒಂದು ಪುಟ್ಟ ಬಟ್ಟೆಯ ಚೀಲ. ಅವನು ತಟ್ಟೆಯನ್ನು ಮೆಲ್ಲಗೆ ತೊಟ್ಟಿಲ ಮೇಲೆ ಹಿಡಿದ.

ದುಂಡನೆಯ, ಮೆತ್ತನೆಯ, ತುಂಬಿದ ಸದ್ದು ಕೋಣೆಯೆಲ್ಲ ಹರಡಿತು. ಜಯರಾಮನ ಕೈಯಲ್ಲಿದ್ದ ಹೋಳಿಗೆ ಬಾಯಿಗೂ ತಟ್ಟೆಗೂ ನಡುವೆ ನಿಂತಿತು.

"ಮುಚ್ಚಳದ್ದು ಈ ಸದ್ದಲ್ರಿ" ಎಂದ ವಿರುಪಾಕ್ಷಪ್ಪ.

"ಅಯ್ಯ, ಏನ್ ಮಾಡಾಕತ್ತೀರಿ!" ಎಂದು ಬಂಗಾರೆವ್ವ ಅಡುಗೆಮನೆಯಿಂದ ಸೌಟು ಹಿಡಿದು ಓಡಿ ಬಂದಳು. "ಆ ಕೋಲ್ ಅತ್ತಾಗ ಒಗೀರಿ ಮೊದಲ! ಮಲಗಿದ ಕೂಸನ್ನ ಎಬ್ಬಿಸತೀರೇನು?"

ಅವನು ಯಂತ್ರ ಆರಿಸಿ ಗೋಡೆಗೆ ಒರಗಿಸಿದ. ಜಯರಾಮ್ ಹೋಳಿಗೆ ಕೆಳಗಿಟ್ಟು, ತೊಟ್ಟಿಲ ಬಳಿ ಬಂದು, ಒಮ್ಮೆ ಚೀಲವನ್ನೂ ಒಮ್ಮೆ ಮಗುವನ್ನೂ ನೋಡಿ, "ಎಲ್ಲಿ ಸಿಕ್ತು ಮಾರಾಯ್ರೇ?" ಎಂದು ಪಿಸುಗುಟ್ಟಿದ. ಅವನು ಕೇಳಿದ್ದು ಕಾಸನ್ನು. ವಿರುಪಾಕ್ಷಪ್ಪ ಮಗಳ ಮುಖವನ್ನೇ ನೋಡುತ್ತಿದ್ದ.

"ಏಳು ವರ್ಷ ಹುಡುಕಿದ್ವಿರಿ" ಎಂದ.